ತಿಂಗಳ ಲೆಕ್ಕ ಯಾರ ಕೈಯಲ್ಲಿ?

ನಮ್ಮ ಕಡೆ ಹೆಂಗಸಿನ ದಿನ ಎಣಿಸದ ಮನೆಯೇ ಇಲ್ಲ. ದೇವರ ಮನೆಗೆ ಹೋಗಬಹುದೋ ಇಲ್ಲವೋ ಅಂತ ಅತ್ತೆ ಎಣಿಸುತ್ತಾರೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಕಳಶ ಇಡೋದು ಯಾರು ಅನ್ನುವ ಲೆಕ್ಕ ಆಷಾಢ ಕಳೆಯುವ ಮೊದಲೇ ಶುರುವಾಗುತ್ತದೆ. ಮದುವೆ ಮಾತುಕತೆಯಲ್ಲಿ ಪುರೋಹಿತರು ಎರಡು ಮೂರು ಮುಹೂರ್ತ ಹೇಳಿದರೆ ಹುಡುಗಿಯ ತಾಯಿ ಎದ್ದು ಒಳಗೆ ಹೋಗಿ, ಮಗಳನ್ನು ಕೇಳಿಕೊಂಡು ಬಂದು, "ಮೊದಲನೇದು ಆಗಲ್ಲ, ಮಿಕ್ಕಿದ್ದು ನೋಡಿ" ಅನ್ನುತ್ತಾರೆ. ತುಮಕೂರು ಜಿಲ್ಲೆಯ ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವಳು ಹಟ್ಟಿಯ ಹೊರಗಿರಬೇಕು ಅನ್ನುವ ಕಟ್ಟು ಇನ್ನೂ ಪೂರ್ತಿ ಹೋಗಿಲ್ಲ. ಅಂಥ ಕಡೆ ಒಬ್ಬಳ ದಿನ ಊರಿಗೆಲ್ಲ ಗೊತ್ತು.

ಇಷ್ಟು ಜನ ಸೇರಿ ಇಡುವ ಈ ಲೆಕ್ಕದಲ್ಲಿ ಅವಳಿಗೆ ಬೇಕಾದ ಭಾಗ ಮಾತ್ರ ಬಿಟ್ಟುಹೋಗಿದೆ. ಮುಟ್ಟಿನ ನಾಲ್ಕೈದು ದಿನ ಎಲ್ಲರ ಗಮನದಲ್ಲಿರುತ್ತದೆ. ಉಳಿದ ದಿನಗಳಲ್ಲಿ ಮೈಯೊಳಗೆ ಏನು ನಡೆಯುತ್ತದೆ, ಯಾವಾಗ ಗರ್ಭ ನಿಲ್ಲುತ್ತದೆ, ಯಾವಾಗ ನಿಲ್ಲುವುದಿಲ್ಲ ಅನ್ನುವುದನ್ನು ಎರಡು ಮಕ್ಕಳು ಹೆತ್ತವರಿಗೂ ಯಾರೂ ಕೂರಿಸಿಕೊಂಡು ಹೇಳಿರುವುದಿಲ್ಲ. ನಾನು ತುಮಕೂರಿನ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಅಂಡಾಣು ವೀರ್ಯಾಣುವಿನ ಜೊತೆ ಕೂಡದಿದ್ದರೆ ಸುಮಾರು ಒಂದು ದಿನ ಮಾತ್ರ ಬದುಕಿರುತ್ತದೆ ಅಂತ ಹತ್ತನೇ ತರಗತಿಯ ಪಾಠದಲ್ಲೇ ಇದೆ. ಆ ಒಂದು ದಿನ ಯಾವುದು ಅಂತ ತರಗತಿಯಲ್ಲಿ ಯಾರೂ ಕೇಳುವುದಿಲ್ಲ. ಕೇಳುವವರು ಪಾಠ ಮುಗಿದ ಮೇಲೆ ಸಿಗುತ್ತಾರೆ: ಸ್ಟಾಫ್ ರೂಮಿನಲ್ಲಿ, ಬಿಸಿಯೂಟದ ಅಡುಗೆಮನೆಯ ಬಾಗಿಲಲ್ಲಿ, ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ.

"ನೀರು ಹಾಕ್ಕೊಂಡ್ಮೇಲೆ ಒಂದು ವಾರ ಹುಷಾರಾಗಿದ್ರೆ ಸಾಕಲ್ವಾ ಮೇಡಂ, ಆಮೇಲೆ ಏನೂ ಆಗಲ್ಲ ಅಲ್ವಾ?" ಬಿಸಿಯೂಟದ ಅಡುಗೆಯ ಅಕ್ಕ ಒಬ್ಬರು ಅಕ್ಕಿ ಆರಿಸುತ್ತಾ ಕೇಳಿದ್ದು ಇದು. ಈ ನಂಬಿಕೆ ಎಷ್ಟು ಮನೆಗಳಲ್ಲಿದೆ ಅಂದರೆ, ನಾನು ಮಾತಾಡಿಸಿದ ಹೆಂಗಸರಲ್ಲಿ ಬಹುಪಾಲು ಎಲ್ಲರೂ ಇದನ್ನೇ ಹೇಳಿದ್ದಾರೆ. ಮುಟ್ಟು ನಿಂತು ತಲೆಗೆ ಸ್ನಾನ ಮಾಡಿದ ಮೇಲೆ ಗರ್ಭಕೋಶದ ಬಾಯಿ ತೆರೆದಿರುತ್ತದೆ, ದಿನ ಕಳೆದಂತೆ ಮುಚ್ಚಿಕೊಳ್ಳುತ್ತದೆ ಅಂತ ವಿವರಣೆಯನ್ನೂ ಕೊಡುತ್ತಾರೆ. ವಾಸ್ತವ ಹೆಚ್ಚಿನವರಲ್ಲಿ ಇದಕ್ಕೆ ತದ್ವಿರುದ್ಧ. ಅವರು ಹುಷಾರಾಗಿರುವ ವಾರದಲ್ಲಿ ಅಪಾಯ ಕಡಿಮೆ. "ಇನ್ನೇನೂ ಆಗಲ್ಲ" ಅಂತ ಬಿಟ್ಟುಬಿಡುವ ದಿನಗಳಲ್ಲೇ ಅಂಡಾಣು ಹೊರಬರುವುದು.

ಹೇಗೆ ಅಂತ ಹೇಳುತ್ತೇನೆ. ಮುಟ್ಟಾದ ಮೊದಲ ದಿನವನ್ನು ಒಂದು ಅಂತ ಎಣಿಸಬೇಕು. ಮುಂದಿನ ಮುಟ್ಟು ಬರುವ ಹಿಂದಿನ ದಿನದವರೆಗೆ ಒಂದು ಚಕ್ರ. ಈ ಚಕ್ರದ ಎರಡನೇ ಅರ್ಧ, ಅಂದರೆ ಅಂಡಾಣು ಹೊರಬಂದಾಗಿನಿಂದ ಮುಂದಿನ ಮುಟ್ಟಿನವರೆಗಿನ ಕಾಲ, ಹೆಚ್ಚುಕಮ್ಮಿ ಎರಡು ವಾರ. ಅದು ಹೆಚ್ಚು ಏರುಪೇರಾಗುವುದಿಲ್ಲ. ಏರುಪೇರಾಗುವುದು ಮೊದಲ ಅರ್ಧ. ಜ್ವರ, ಓಡಾಟ, ನಿದ್ದೆಗೇಡು, ಮನಸ್ಸಿನ ತಳಮಳ ಇವೆಲ್ಲ ಆ ಅರ್ಧವನ್ನು ಹಿಗ್ಗಿಸುತ್ತವೆ. ಆದ್ದರಿಂದಲೇ "ಹದಿನಾಲ್ಕನೇ ದಿನ" ಅನ್ನುವ ಗಿಳಿಪಾಠದಿಂದ ಪ್ರಯೋಜನವಿಲ್ಲ. ಇಪ್ಪತ್ತೆಂಟು ದಿನಕ್ಕೆ ಸರಿಯಾಗಿ ಮುಟ್ಟಾಗುವವಳಿಗೆ ಹದಿನಾಲ್ಕರ ಆಸುಪಾಸು. ಮೂವತ್ತೈದು ದಿನಕ್ಕೆ ಆಗುವವಳಿಗೆ ಇಪ್ಪತ್ತೊಂದರ ಆಸುಪಾಸು. ಅಂಡಾಣುವಿನ ಆಯಸ್ಸು ಹೆಚ್ಚೆಂದರೆ 24 ಗಂಟೆ. ಆದರೆ ವೀರ್ಯಾಣು ಹೆಂಗಸಿನ ದೇಹದೊಳಗೆ ಐದು ದಿನದವರೆಗೂ ಜೀವ ಹಿಡಿದುಕೊಂಡಿರಬಲ್ಲದು. ಸೋಮವಾರ ಸೇರಿದ್ದಕ್ಕೆ ಶುಕ್ರವಾರ ಗರ್ಭ ಕಟ್ಟಬಹುದು. ಹೀಗಾಗಿ ಒಂದು ಚಕ್ರದಲ್ಲಿ ಗರ್ಭ ನಿಲ್ಲುವ ಅವಕಾಶ ನಿಜವಾಗಿ ಇರುವುದು ಸುಮಾರು ಆರು ದಿನ: ಅಂಡಾಣು ಹೊರಬರುವ ದಿನ ಮತ್ತು ಅದರ ಹಿಂದಿನ ಐದು ದಿನ. ಆ ಆರು ದಿನ ಯಾವುವು ಅಂತ ಮುಂಚೆಯೇ ಗೊತ್ತಾಗುವುದಿಲ್ಲ ಅನ್ನುವುದೇ ಎಲ್ಲ ತೊಂದರೆಯ ಮೂಲ.

ನಮ್ಮ ಅಡುಗೆಮನೆಯ ಗೋಡೆಯಲ್ಲಿ ಯಾವಾಗಲೂ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಇರುತ್ತದೆ. ಅಮ್ಮನ ಕಾಲದಿಂದಲೂ ಅದೇ. ಹಾಲು ಬರದ ದಿನಕ್ಕೆ ಅಡ್ಡಗೆರೆ, ಗ್ಯಾಸ್ ಹಚ್ಚಿದ ದಿನಕ್ಕೆ ಸಿಲಿಂಡರ್ ಅಂತ ಸಣ್ಣಕ್ಷರ, ಚೀಟಿ ದುಡ್ಡು ಕಟ್ಟಿದ್ದಕ್ಕೆ ಸರಿ ಗುರುತು. ಇವುಗಳ ನಡುವೆ ತಿಂಗಳಿಗೊಂದು ಅಂಕಿಯ ಕೆಳಗೆ ಪೆನ್ಸಿಲ್ಲಿನಲ್ಲಿ ಇಟ್ಟ ಚುಕ್ಕಿ, ಗೊತ್ತಿದ್ದವರಿಗಷ್ಟೇ ಕಾಣುವಷ್ಟು ಸಣ್ಣದು. ವರ್ಷ ಮುಗಿದ ಮೇಲೆ ಕ್ಯಾಲೆಂಡರ್ ಪುಸ್ತಕಕ್ಕೆ ಬೈಂಡ್ ಹಾಕಲು ಹೋಗುತ್ತಿತ್ತು, ಅದರ ಜೊತೆ ಆ ಚುಕ್ಕಿಗಳೂ ಹೋಗುತ್ತಿದ್ದವು. ಅವನ್ನು ಇಟ್ಟುಕೊಂಡರೆ ಏನು ಮಾಡಬಹುದು ಅನ್ನುವುದು ನನಗೆ ತಿಳಿದದ್ದು ಎಷ್ಟೋ ವರ್ಷದ ನಂತರ.

ಕನಿಷ್ಠ ಆರು ತಿಂಗಳ ಚುಕ್ಕಿಗಳು ಬೇಕು. ವರ್ಷದ್ದು ಇದ್ದರೆ ಇನ್ನೂ ಒಳ್ಳೆಯದು. ಅವುಗಳಲ್ಲಿ ಅತಿ ಚಿಕ್ಕ ಚಕ್ರ ಎಷ್ಟು ದಿನದ್ದು ನೋಡಿ, ಅದರಿಂದ 18 ಕಳೆಯಬೇಕು. ಅತಿ ಉದ್ದದ ಚಕ್ರದಿಂದ 11 ಕಳೆಯಬೇಕು. ಒಬ್ಬಳಿಗೆ ಚಿಕ್ಕದು 26 ದಿನ, ದೊಡ್ಡದು 31 ದಿನ ಅಂತಿಟ್ಟುಕೊಳ್ಳಿ. 26ರಲ್ಲಿ 18 ಹೋದರೆ 8. 31ರಲ್ಲಿ 11 ಹೋದರೆ 20. ಬಸಿರು ಬೇಡ ಅಂದರೆ ಎಂಟನೇ ದಿನದಿಂದ ಇಪ್ಪತ್ತನೇ ದಿನದವರೆಗೆ ಅವಳು ಎಚ್ಚರವಾಗಿರಬೇಕು, ಅಂದರೆ ಗಂಡನ ಜೊತೆ ಸೇರಬಾರದು, ಇಲ್ಲವೇ ಕಾಂಡೋಮ್ ಬಳಸಬೇಕು. ಆರು ದಿನದ ಅಪಾಯಕ್ಕೆ ಹದಿಮೂರು ದಿನದ ಕಾವಲು! ಇದರ ಹಿಂದಿರುವವರು ಇಬ್ಬರು. ಮುಂದಿನ ಮುಟ್ಟಿಗೆ 12ರಿಂದ 16 ದಿನ ಮೊದಲು ಅಂಡಾಣು ಹೊರಬರುತ್ತದೆ ಅಂತ 1924ರಲ್ಲಿ ಜಪಾನಿನ ವೈದ್ಯ ಕ್ಯೂಸಾಕು ಒಗಿನೊ ತೋರಿಸಿದರು. ಕೆಲವೇ ವರ್ಷಗಳಲ್ಲಿ ಆಸ್ಟ್ರಿಯಾದ ಹರ್ಮನ್ ಕ್ನಾಸ್ ತಮ್ಮದೇ ದಾರಿಯಲ್ಲಿ ಹತ್ತಿರದ ಉತ್ತರಕ್ಕೆ ಬಂದರು. ಒಗಿನೊ ಅವರಿಗೆ ತಮ್ಮ ಲೆಕ್ಕವನ್ನು ಮಕ್ಕಳಾಗದಂತೆ ತಡೆಯಲು ಬಳಸುವುದು ಇಷ್ಟವಿರಲಿಲ್ಲ. ಮಕ್ಕಳು ಬೇಕು ಅನ್ನುವವರಿಗೆ ಅದು ಸಹಾಯವಾಗಬೇಕು ಅನ್ನುವುದು ಅವರ ಆಸೆಯಾಗಿತ್ತು. ಬಸಿರಿಗಾಗಿ ಕಾಯುತ್ತಿರುವ ನನ್ನ ಗೆಳತಿಯರಿಗೆ ನಾನು ಮೊದಲು ಹೇಳಿಕೊಡುವುದೂ ಇದನ್ನೇ.

ನಮ್ಮ ನೆಲಕ್ಕೂ ಈ ಲೆಕ್ಕಕ್ಕೂ ಹಳೆಯ ನಂಟಿದೆ. 1930ರಲ್ಲೇ ಮೈಸೂರು ಸಂಸ್ಥಾನದ ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಲು ಆದೇಶ ಹೊರಡಿಸಿತ್ತು. ಸ್ವಾತಂತ್ರ್ಯ ಬಂದ ಮೇಲೆ ಕುಟುಂಬ ಯೋಜನೆ ಅಂತ ಶುರುವಾದಾಗ ಆರೋಗ್ಯ ಮಂತ್ರಿಯಾಗಿದ್ದವರು ರಾಜಕುಮಾರಿ ಅಮೃತ್ ಕೌರ್. ಗಾಂಧಿಯವರ ದಾರಿಯಲ್ಲಿ ನಡೆದವರು, ಸಾಧನ ಸಲಕರಣೆಗಳ ಮೇಲೆ ಅವರಿಗೆ ಒಲವಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಮೂಲಕ ಅಮೆರಿಕದ ಡಾಕ್ಟರ್ ಅಬ್ರಹಾಂ ಸ್ಟೋನ್ ಬಂದರು. ದಿನ ಎಣಿಸುವ ಕ್ರಮವನ್ನು ಪ್ರಯೋಗ ಮಾಡಿ ನೋಡಲು ಆರಿಸಿದ ಜಾಗಗಳಲ್ಲಿ ಒಂದು ದಿಲ್ಲಿಯ ಲೋಧಿ ಕಾಲೊನಿ, ಇನ್ನೊಂದು ನಮ್ಮ ರಾಮನಗರ. ಓದು ಬಾರದವರಿಗಾಗಿ ಬಣ್ಣದ ಮಣಿಗಳ ಸರವನ್ನೂ ಆಗ ರೂಪಿಸಿದರು. ಕಲಿಯುತ್ತೇವೆ ಅಂದವರು ಬಹಳ ಜನ, ಕೊನೆತನಕ ಪಾಲಿಸಿದವರು ಕಡಿಮೆ. ಆ ಸೋಲಿಗೆ ಹೆಂಗಸರಿಗೆ ಲೆಕ್ಕ ಬರುವುದಿಲ್ಲ ಅನ್ನುವ ಕಾರಣವನ್ನು ಮುಂದೆ ಹಲವರು ಕೊಟ್ಟರು. ನಾನು ಅದನ್ನು ಒಪ್ಪುವುದಿಲ್ಲ. ಚೀಟಿ ಹಣದ ಬಡ್ಡಿ, ಹಾಲಿನ ಡೇರಿಯ ಲೀಟರು, ಸ್ವಸಹಾಯ ಸಂಘದ ಕಂತು, ಯಾವುದರ ಲೆಕ್ಕವೂ ತಪ್ಪದ ಹೆಂಗಸರು ಈ ಜಿಲ್ಲೆಯ ಪ್ರತಿ ಹಳ್ಳಿಯಲ್ಲಿದ್ದಾರೆ. ತಪ್ಪುವುದು ಎಣಿಕೆಯಲ್ಲ, ಎಣಿಸಿ ಹೇಳಿದ ಮೇಲೆ ಇನ್ನೊಬ್ಬರು ಅದನ್ನು ಕೇಳಬೇಕು, ಅಲ್ಲಿ ತಪ್ಪುತ್ತದೆ. ಆ ಮಾತಿಗೆ ಮುಂದೆ ಬರುತ್ತೇನೆ.

ಮಣಿಗಳ ಸರ ಅರ್ಧ ಶತಮಾನದ ನಂತರ ಹೊಸ ರೂಪದಲ್ಲಿ ಮತ್ತೆ ಬಂತು. ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದವರು ರೂಪಿಸಿದ ಇದರಲ್ಲಿ 32 ಮಣಿ. ಕೆಂಪು ಮಣಿ ಮುಟ್ಟಿನ ಮೊದಲ ದಿನ. ದಿನಕ್ಕೊಂದು ಮಣಿಯಂತೆ ಮೇಲಿನ ಉಂಗುರ ಸರಿಸುತ್ತಾ ಹೋಗಬೇಕು. ಬಿಳಿ ಮಣಿಗಳು ಬಂದರೆ, ಅಂದರೆ ಎಂಟರಿಂದ ಹತ್ತೊಂಬತ್ತನೇ ದಿನದವರೆಗೆ, ಎಚ್ಚರ. ಉತ್ತರ ಭಾರತದ ಕೆಲವು ಕಡೆ ಇದನ್ನು ಮಾಲಾ ಚಕ್ರ ಅಂತ ಹಂಚಿದ್ದಾರೆ. ಆದರೆ 26ರಿಂದ 32 ದಿನದ ಒಳಗೆ ತಪ್ಪದೆ ಮುಟ್ಟಾಗುವವರಿಗೆ ಮಾತ್ರ ಇದು ಸಲ್ಲುತ್ತದೆ.

ನಾನು ಈ ದಾರಿಗೆ ಬಂದದ್ದು ಮಗಳು ಹುಟ್ಟಿದ ಮೇಲೆ. ಕಾಪರ್-ಟಿ ಹಾಕಿಸಿಕೊಂಡೆ. ಕೆಲವರಲ್ಲಿ ಅದರಿಂದ ಮುಟ್ಟಿನ ಸ್ರಾವ ಹೆಚ್ಚುತ್ತದೆ, ನನಗೂ ಹಾಗೇ ಆಯಿತು, ರಕ್ತ ಕಡಿಮೆಯಾಗಿ ಸುಸ್ತು ಹತ್ತಿತು. ಮಾತ್ರೆ ತಗೊಂಡಾಗ ತಲೆನೋವು. ಡಾಕ್ಟರರ ಹತ್ತಿರ ಕೂತು ಮಾತಾಡಿ, ಬರೀ ಕ್ಯಾಲೆಂಡರ್ ಸಾಲದು, ಮೈಯ ಗುರುತುಗಳನ್ನೂ ನೋಡಬೇಕು ಅಂತ ತಿಳಿದುಕೊಂಡೆ.

ಗುರುತು ಎರಡು. ಮೊದಲನೆಯದು ಮೈಯ ಬಿಸಿ. ಅಂಡಾಣು ಹೊರಬಂದ ಮೇಲೆ ಮೈಯ ಉಷ್ಣಾಂಶ ಸಣ್ಣಗೆ ಏರುತ್ತದೆ. ನಮ್ಮ ಥರ್ಮಾಮೀಟರಿನ ಫ್ಯಾರನ್‌ಹೀಟ್ ಲೆಕ್ಕದಲ್ಲಿ ಅರ್ಧ ಡಿಗ್ರಿಯ ಸುತ್ತಮುತ್ತ. ಮುಂದಿನ ಮುಟ್ಟಿನವರೆಗೆ ಅಲ್ಲೇ ಇರುತ್ತದೆ. ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ, ಏಳದೆ, ಮಾತಾಡದೆ, ಒಂದೇ ಹೊತ್ತಿಗೆ ನೋಡಿ ಬರೆಯಬೇಕು. ಹಿಂದಿನ ಆರು ದಿನಕ್ಕಿಂತ ಮೂರು ದಿನ ಸತತವಾಗಿ ಹೆಚ್ಚಿದ್ದರೆ ಅಂಡಾಣುವಿನ ದಿನ ಕಳೆಯಿತು ಅಂತ ಅರ್ಥ. ಹೇಳುವುದು ಸುಲಭ. ನಮ್ಮ ಬಡಾವಣೆಯಲ್ಲಿ ನಲ್ಲಿ ನೀರು ಬಿಡುವುದು ನಸುಕಿನಲ್ಲಿ, ಅದೂ ದಿನ ಬಿಟ್ಟು ದಿನ ಅಲ್ಲ, ಬಿಟ್ಟಾಗ. ಮೋಟರ್ ಹಾಕಲು ಎದ್ದು, ಸಂಪು ತುಂಬಿಸಿ, ಮತ್ತೆ ಮಲಗಿದ ದಿನದ ಅಂಕಿ ಲೆಕ್ಕಕ್ಕೆ ಬರುವುದಿಲ್ಲ. ಮಗುವಿಗೆ ಜ್ವರ ಬಂದು ರಾತ್ರಿಯೆಲ್ಲ ಕೂತಿದ್ದ ದಿನದ್ದೂ ಅಷ್ಟೇ. ಅಂಥ ದಿನಗಳ ಎದುರು ನಾನು "ನೀರು" ಅಂತ ಬರೆದು ಬಿಡುತ್ತೇನೆ. ವಸಂತನರಸಾಪುರದ ಕಾರ್ಖಾನೆಗಳಲ್ಲಿ ವಾರಕ್ಕೊಂದು ಶಿಫ್ಟು ಬದಲಾಗುವ ಹೆಂಗಸರಿಗೆ ಈ ಥರ್ಮಾಮೀಟರ್ ಕೈಕೊಡುವುದೇ ಹೆಚ್ಚು.

ಎರಡನೆಯ ಗುರುತು ಬಿಳಿಸೆರಗು. ಇದರ ಬಗ್ಗೆ ನನಗೆ ಹೇಳಲು ಬಹಳ ಇದೆ, ಯಾಕೆಂದರೆ ನಮ್ಮ ಹೆಂಗಸರು ಇದಕ್ಕೆ ಪಡುವಷ್ಟು ಭಯ ಮುಟ್ಟಿಗೂ ಪಡುವುದಿಲ್ಲ. "ವೈಟ್ ಹೋಗ್ತಿದೆ, ಮೂಳೆ ಕರಗ್ತಾ ಇದೆ ಕಣಕ್ಕ" ಅನ್ನುವುದನ್ನು ಎಷ್ಟು ಬಾಯಲ್ಲಿ ಕೇಳಿದ್ದೇನೋ. ಕರಗುವುದು ಮೂಳೆಯಲ್ಲ. ಗರ್ಭಕೋಶದ ಬಾಯಲ್ಲಿ ಒಸರುವ ಲೋಳೆ ಅದು. ಮುಟ್ಟು ನಿಂತ ಮೇಲೆ ಕೆಲವು ದಿನ ಏನೂ ಇರುವುದಿಲ್ಲ, ಒಣಗಿದ ಹಾಗಿರುತ್ತದೆ. ಆಮೇಲೆ ಸ್ವಲ್ಪ ಅಂಟು, ಮಂದ, ಬೆಳ್ಳಗೆ. ಅಂಡಾಣು ಹೊರಬರುವ ಹೊತ್ತು ಹತ್ತಿರವಾದಂತೆ ಅದು ತಿಳಿಯಾಗಿ, ಜಾರುತ್ತಾ, ಹಸಿ ಮೊಟ್ಟೆಯ ಬಿಳಿಯ ಹಾಗೆ ಎರಡು ಬೆರಳ ನಡುವೆ ಎಳೆ ಎಳೆಯಾಗುತ್ತದೆ. ವೀರ್ಯಾಣು ಐದು ದಿನ ಬದುಕುವುದು ಈ ಲೋಳೆಯ ದೆಸೆಯಿಂದಲೇ. ಅಂಡಾಣು ಹೊರಬಂದ ಮೇಲೆ ಮತ್ತೆ ಮಂದವಾಗಿ ಒಣಗುತ್ತದೆ. ಆಸ್ಟ್ರೇಲಿಯಾದ ವೈದ್ಯ ದಂಪತಿ ಜಾನ್ ಮತ್ತು ಎವ್ಲಿನ್ ಬಿಲ್ಲಿಂಗ್ಸ್ ಇದೊಂದನ್ನೇ ಆಧಾರವಾಗಿ ಇಟ್ಟುಕೊಂಡು ಒಂದು ಕ್ರಮವನ್ನೇ ಬೆಳೆಸಿದರು. ತುರಿಕೆ, ಕೆಟ್ಟ ವಾಸನೆ, ಹಳದಿ-ಹಸಿರು ಬಣ್ಣ, ಕಿಬ್ಬೊಟ್ಟೆ ನೋವು ಇದ್ದರೆ ಮಾತು ಬೇರೆ, ಅದು ಸೋಂಕು, ಆಸ್ಪತ್ರೆಗೆ ಹೋಗಲೇಬೇಕು. ಅವು ಇಲ್ಲದ ಬಿಳಿಸೆರಗು ಮೈ ತನ್ನ ಕೆಲಸ ತಾನು ಮಾಡುತ್ತಿರುವುದರ ಗುರುತು. ಇದನ್ನು ಹೇಳಿದಾಗ ನನ್ನ ನಾದಿನಿ, "ಇದಕ್ಕೇನಾ ಅತ್ತಿಗೆ ನಾನು ಇಷ್ಟು ವರ್ಷ ಟಾನಿಕ್ ಕುಡಿದಿದ್ದು" ಅಂತ ಕಣ್ಣು ತುಂಬಿಕೊಂಡಳು. ಈ ಒಂದು ತಿಳಿವಳಿಕೆಗಾಗಿಯಾದರೂ ಪ್ರತಿ ಹುಡುಗಿಯೂ ತನ್ನ ಚಕ್ರವನ್ನು ಗಮನಿಸುವುದು ಕಲಿಯಬೇಕು, ಮುಂದೆ ಅವಳು ಯಾವ ವಿಧಾನ ಬೇಕಾದರೂ ಆರಿಸಿಕೊಳ್ಳಲಿ.

ಇದನ್ನೇ ನಂಬಿಕೊಂಡು ಕೂರಬಹುದೇ ಅನ್ನುವುದಕ್ಕೆ ನಾನು ಎಲ್ಲರಿಗೂ ಹೌದು ಅನ್ನುವುದಿಲ್ಲ. ಮಣಿಸರದ ಕ್ರಮವನ್ನು ಚಾಚೂ ತಪ್ಪದೆ ಪಾಲಿಸಿದರೆ ವರ್ಷಕ್ಕೆ ನೂರರಲ್ಲಿ ಸುಮಾರು 5 ಹೆಂಗಸರು ಬಸಿರಾಗುತ್ತಾರೆ. ಎಲ್ಲರ ಮನೆಯಲ್ಲಿ ನಡೆಯುವ ಹಾಗೆ ಪಾಲಿಸಿದರೆ ಸುಮಾರು 12. ಬರೀ ಕ್ಯಾಲೆಂಡರಾದರೆ ಇನ್ನೂ ಹೆಚ್ಚು. ಬಿಸಿ ಮತ್ತು ಲೋಳೆ ಎರಡನ್ನೂ ಸೇರಿಸಿ ನೋಡುವ ಕ್ರಮದ ಬಗ್ಗೆ ಜರ್ಮನಿಯಲ್ಲಿ 900 ಹೆಂಗಸರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದು ನೂರಕ್ಕೆ 2ಕ್ಕಿಂತ ಕಡಿಮೆ ಇತ್ತು. ಆದರೆ ಅವರು ಚೆನ್ನಾಗಿ ತರಬೇತಿ ಪಡೆದವರು. ಕಾಪರ್-ಟಿಯಲ್ಲಿ ಅದು 1ಕ್ಕೂ ಕಡಿಮೆ, ಅದೂ ದಿನದಿನದ ಯಾವ ಲೆಕ್ಕವೂ ಇಲ್ಲದೆ. ಇನ್ನೊಂದು ಬಸಿರು ಜೀವಕ್ಕೇ ಅಪಾಯ ಅಂತ ಡಾಕ್ಟರು ಹೇಳಿರುವವರು, ಪಿಸಿಓಡಿ ಅನ್ನುವ ಅಂಡಾಶಯದ ತೊಂದರೆ ಇದ್ದು ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರುವವರು, ಮುಟ್ಟು ನಿಲ್ಲುವ ವಯಸ್ಸಿಗೆ ಹತ್ತಿರವಾದವರು ಇದರ ಮೇಲೆ ಭಾರ ಹಾಕಬಾರದು. ಸೋಂಕು ರೋಗಗಳಿಂದಲೂ ಇದು ಕಾಪಾಡುವುದಿಲ್ಲ.

ನಮ್ಮ ಊರಿನ ಎರಡು ಅಭ್ಯಾಸಗಳಂತೂ ಈ ಲೆಕ್ಕವನ್ನು ಬುಡಮೇಲು ಮಾಡುತ್ತವೆ. ಒಂದು, ಹಬ್ಬಕ್ಕೆ, ಗೃಹಪ್ರವೇಶಕ್ಕೆ, ತಿರುಪತಿ ಪ್ರಯಾಣಕ್ಕೆ ಅಂತ ಮೆಡಿಕಲ್ ಸ್ಟೋರಿನಲ್ಲಿ ಮುಟ್ಟು ಮುಂದೂಡುವ ಮಾತ್ರೆ ಕೊಂಡು ನುಂಗುವುದು. ಆ ತಿಂಗಳ ಚುಕ್ಕಿ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಆ ಮಾತ್ರೆ ನುಂಗುತ್ತಿದ್ದೇನೆ, ಹಾಗಾಗಿ ಬಸಿರಾಗಲ್ಲ ಅಂದುಕೊಳ್ಳುವವರಿದ್ದಾರೆ. ಮುಂದೂಡುವ ಮಾತ್ರೆ ಗರ್ಭನಿರೋಧಕವಲ್ಲ. ಮದುವೆಗೆ ಅಂತ ಅದನ್ನು ನುಂಗಿದ ಹುಡುಗಿಗೆ ಇದನ್ನು ಯಾರು ಹೇಳುತ್ತಾರೆ? ಎರಡನೆಯದು ಬಾಣಂತಿಯರ ವಿಷಯ. "ಹಾಲು ಕುಡಿಸೋವರೆಗೂ ಬಸಿರು ನಿಲ್ಲಲ್ಲ" ಅನ್ನುವ ಮಾತಿನಲ್ಲಿ ಅರ್ಧ ಸತ್ಯವಿದೆ. ಮಗುವಿಗೆ ಆರು ತಿಂಗಳು ತುಂಬಿರಬಾರದು, ಹಗಲು ರಾತ್ರಿ ಎದೆಹಾಲು ಬಿಟ್ಟು ಬೇರೇನೂ ಕೊಡುತ್ತಿರಬಾರದು, ಮುಟ್ಟು ಮತ್ತೆ ಶುರುವಾಗಿರಬಾರದು. ಮೂರೂ ಕೂಡಿದ್ದರೆ ನೂರಕ್ಕೆ 98ರಷ್ಟು ರಕ್ಷಣೆ. ಒಂದು ತಪ್ಪಿದರೂ ಬೇರೆ ದಾರಿ ನೋಡಬೇಕು, ಯಾಕೆಂದರೆ ಮೊದಲ ಮುಟ್ಟು ಕಾಣುವ ಎರಡು ವಾರ ಮುಂಚೆಯೇ ಅಂಡಾಣು ಹೊರಬಂದಿರಬಹುದು. ಮಗುವಿಗೆ ರಾಗಿ ಸರಿ ಶುರುಮಾಡಿದ ದಿನವನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಅಂತ ನಾನು ಹೇಳುತ್ತೇನೆ.

ಈಗ ಗಂಡಂದಿರ ಮಾತು. ನನ್ನ ಲೆಕ್ಕದ ಪುಸ್ತಕ ನಮ್ಮಿಬ್ಬರ ಮಂಚದ ಪಕ್ಕದಲ್ಲೇ ಇರುತ್ತದೆ. ಎಚ್ಚರದ ದಿನಗಳಲ್ಲಿ ಕಾಂಡೋಮ್ ಅಂತ ನಮ್ಮಿಬ್ಬರ ಒಪ್ಪಂದ. ನನ್ನ ಗಂಡ ಅದನ್ನು ಒಂದು ದಿನವೂ ಪ್ರಶ್ನೆ ಮಾಡಿದವರಲ್ಲ. ಥರ್ಮಾಮೀಟರಿನ ಅಂಕಿ ಓದಿ ಬರೆಯುವುದೂ ಎಷ್ಟೋ ಸಲ ಅವರೇ. ಈ ವಿಧಾನ ನನ್ನ ಪಾಲಿಗೆ ನಡೆದದ್ದು ಆ ಕಾರಣಕ್ಕೆ, ನಾನು ವಿಜ್ಞಾನ ಓದಿದ್ದೇನೆ ಅನ್ನುವ ಕಾರಣಕ್ಕಲ್ಲ. ನಮ್ಮ ಬೀದಿಯಲ್ಲಿ ಹೂ ಕಟ್ಟಿ ಮಾರುವ ಒಬ್ಬಾಕೆ ಇದನ್ನೆಲ್ಲ ಗಮನವಿಟ್ಟು ಕೇಳಿ, ನನಗಿಂತ ಚುರುಕಾಗಿ 18 ಕಳೆದು 11 ಕಳೆದು ತೋರಿಸಿ, ಆಮೇಲೆ ಹೇಳಿದ್ದು: "ಲೆಕ್ಕ ಬಂತಮ್ಮ. ಆದ್ರೆ ಕುಡ್ಕೊಂಡು ಬಂದವ್ನಿಗೆ ಇವತ್ತು ಹತ್ತನೇ ದಿನ ಅಂತ ಹೆಂಗ್ ಹೇಳಾದು?" ಆಕೆಗೆ ನಾನು ಇನ್ನೊಂದು ಮಣಿಸರದ ಮಾತಾಡಲಿಲ್ಲ. ಆರೋಗ್ಯ ಉಪಕೇಂದ್ರಕ್ಕೆ ಜೊತೆಯಲ್ಲಿ ಹೋದೆ. ಬಸಿರು ತಡೆಯುವ ಅಂತರಾ ಚುಚ್ಚುಮದ್ದು ಮೂರು ತಿಂಗಳಿಗೊಂದು, ಗಂಡನ ಒಪ್ಪಿಗೆಗೆ ಕಾಯುವಂಥದ್ದಲ್ಲ. ಬೇಡ ಅನ್ನುವ ಹಕ್ಕಿಲ್ಲದ ಮನೆಯಲ್ಲಿ ದಿನ ಎಣಿಸಲು ಹೇಳಿಕೊಡುವುದು ಹೆಂಗಸಿನ ತಲೆಯ ಮೇಲೆ ಇನ್ನೊಂದು ಹೊರೆ ಹೊರಿಸಿದಂತೆ, ಆಮೇಲೆ ಬಸಿರಾದರೆ "ನೀನು ಸರಿಯಾಗಿ ಎಣಿಸಲಿಲ್ಲ" ಅನ್ನುವ ಮಾತೂ ಅವಳಿಗೇ.

ನಮ್ಮ ರಾಜ್ಯದ ಅಂಕಿ ನೋಡಿದರೂ ಭಾರ ಯಾರ ಮೇಲಿದೆ ಅಂತ ತಿಳಿಯುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಹೆಂಗಸರಲ್ಲಿ ನೂರಕ್ಕೆ 57ರಷ್ಟು ಮಂದಿ ಆಪರೇಷನ್ ಮಾಡಿಸಿಕೊಂಡವರು. ಗಂಡಸರ ಆಪರೇಷನ್ ಸೊನ್ನೆಯ ಹತ್ತಿರ. ಅವರದು ಹೊಲಿಗೆಯೂ ಬೇಡದ, ಅದೇ ದಿನ ಮನೆಗೆ ಹೋಗುವ ಚಿಕಿತ್ಸೆ. ಎರಡನೇ ಹೆರಿಗೆಯಾದ ಕೂಡಲೇ ಹೆಂಗಸಿನದು ಮಾಡಿಸಿ ಮುಗಿಸಿಬಿಡುವ ನಮ್ಮ ಪದ್ಧತಿಯಿಂದಾಗಿ, ಮದುವೆಯಿಂದ ಆಪರೇಷನ್‌ವರೆಗಿನ ಆ ಕೆಲವು ವರ್ಷಗಳಲ್ಲಿ ಮೈ ಹೇಗೆ ನಡೆಯುತ್ತದೆ ಅಂತ ಯಾರೂ ಯೋಚಿಸುವುದಿಲ್ಲ. ನನ್ನ ಅಕ್ಕನ ಮಗಳಿಗೆ ಮದುವೆ ಗೊತ್ತಾದಾಗ ಸೀರೆ ಆರಿಸುವ ಗದ್ದಲದಿಂದ ಅವಳನ್ನು ಪಕ್ಕಕ್ಕೆ ಕರೆದು ಇದೆಲ್ಲ ಹೇಳಿದೆ. ಅವಳ ಫೋನಿನಲ್ಲಿ ಆಗಲೇ ಒಂದು ಆ್ಯಪ್ ಇತ್ತು. "ಚಿಕ್ಕಮ್ಮ, ಇದೇ ಹಸಿರು ಕೆಂಪು ತೋರಿಸುತ್ತೆ" ಅಂದಳು. ತೋರಿಸುತ್ತದೆ, ಸರಿ. ಆದರೆ ನೀನು ಕೊಟ್ಟ ತಾರೀಕುಗಳಿಂದ ಅದು ಊಹೆ ಮಾಡುತ್ತದೆಯೇ ಹೊರತು ನಿನ್ನ ಮೈಯನ್ನು ನೋಡಿರುವುದಿಲ್ಲ ಅಂದೆ. ತಾರೀಕು ಬರೆದಿಡಲು ಬಳಸು, ಹಸಿರು ಬಣ್ಣ ನಂಬಿ ಮಾತ್ರ ಕೂರಬೇಡ. ಮದುಮಗನಿಗೂ ತೋರಿಸು ಅಂದಾಗ ನಾಚಿಕೊಂಡಳು, ಆದರೆ ತೋರಿಸಿದಳಂತೆ.

ಲೆಕ್ಕ ತಪ್ಪಿದ ದಿನಕ್ಕೆ ಏನು ಮಾಡಬೇಕು ಅನ್ನುವುದನ್ನೂ ಅವಳಿಗೆ ಅಂದೇ ಹೇಳಿದ್ದೆ. 72 ಗಂಟೆಯೊಳಗೆ ತೆಗೆದುಕೊಳ್ಳುವ ತುರ್ತು ಮಾತ್ರೆ ಡಾಕ್ಟರರ ಚೀಟಿಯಿಲ್ಲದೆ ಮೆಡಿಕಲ್ ಸ್ಟೋರಿನಲ್ಲಿ ಸಿಗುತ್ತದೆ, ಎಷ್ಟು ಬೇಗ ತಗೊಂಡರೆ ಅಷ್ಟು ಒಳ್ಳೆಯದು. ಅದನ್ನು ನುಂಗಿದ ತಿಂಗಳು ಮುಟ್ಟು ಹಿಂದುಮುಂದಾಗಬಹುದು, ಆ ಚಕ್ರವನ್ನು ಲೆಕ್ಕದಿಂದ ಬಿಡಬೇಕು. ಮುಟ್ಟು ವಾರ ತಡವಾದರೆ ಕಾಯುತ್ತಾ ಕೂರದೆ ಮನೆಯಲ್ಲೇ ಪರೀಕ್ಷೆ ಮಾಡಿಕೊಳ್ಳಬೇಕು. ವಿಧಾನ ಕೈಕೊಟ್ಟು ಬೇಡದ ಬಸಿರಾದರೆ ನಮ್ಮ ಕಾನೂನು ಅದನ್ನು ಗರ್ಭಪಾತಕ್ಕೆ ಕಾರಣವೆಂದು ಒಪ್ಪುತ್ತದೆ. 2021ರ ತಿದ್ದುಪಡಿಯಾದ ಮೇಲೆ ಮದುವೆಯಾಗದವರಿಗೂ ಅದು ಅನ್ವಯಿಸುತ್ತದೆ. ಅದನ್ನು ಮಾಡಿಸಬೇಕಾದ್ದು ಅನುಮತಿ ಇರುವ ಆಸ್ಪತ್ರೆಯಲ್ಲಿ, ಡಾಕ್ಟರರ ಕೈಯಲ್ಲಿ, ಅಂಗಡಿ ಮಾತ್ರೆಯಿಂದಲ್ಲ. ಕಾಂಡೋಮ್, ದಿನದ ಮಾತ್ರೆ ಮಾಲಾ-ಎನ್, ವಾರದ ಮಾತ್ರೆ ಛಾಯಾ, ಇವೆಲ್ಲ ಆಶಾ ಕಾರ್ಯಕರ್ತೆಯರ ಹತ್ತಿರವೇ ಇರುತ್ತವೆ. ಕೇಳಲು ಸಂಕೋಚವಾದರೆ, ನಮ್ಮ ಬೀದಿಯವರು ಈಗ ನನ್ನ ಹತ್ತಿರ ಹೇಳುತ್ತಾರೆ, ನಾನು ತಂದುಕೊಡುತ್ತೇನೆ.